ತೇಕಡಿಗೆ ಯಾಕೆ ಹೋದಿರಿ ಎಂದು ಕೇಳಿದವರಿಗೆ

ನವಂಬರ 1ರ ಸಭೆ ಮುಗಿದು ಜನ ಅವಲಕ್ಕಿ, ಚಹಾದ ಕಡೆಗೆ ಸರಿಯುತ್ತಿದ್ದರು. ನಮ್ಮಲ್ಲಿ ಆ ದಿನ ರಸ್ತೆಯ ಆಚೆಬದಿಗೆ ಕೇರಳಪ್ಪಿರವಿ, ಈಚೆಬದಿಗೆ ಕನ್ನಡ ರಾಜ್ಯೋತ್ಸವ. ಎರಡೂ ಕಡೆಗೆ ಧ್ವನಿವರ್ಧಕ ಬಾಡಿಗೆಗೆ ಬರುವುದು ಒಂದೇ ಅಂಗಡಿಯಿಂದ. ವೇದಿಕೆಯಲ್ಲಿದ್ದ ಹಿರಿಯರೊಬ್ಬರು ಕೈಸನ್ನೆ ಮಾಡಿ ನನ್ನನ್ನು ಕರೆದರು. ನಾಲ್ಕು ಜನ ಕೇಳುವಂತೆ, "ನೀವು ಈ ಸಲ ಎಲ್‌ಎಫ್‌ಸಿಯಲ್ಲಿ ತೇಕಡಿಗೆ ಹೋದದ್ದಂತೆ. ಯಾಕೆ, ಮಡಿಕೇರಿ ಇರಲಿಲ್ಲವೋ? ಕೆಮ್ಮಣ್ಣುಗುಂಡಿ ಇರಲಿಲ್ಲವೋ? ಕನ್ನಡಿಗನ ದುಡ್ಡು ಕನ್ನಡನಾಡಿಗೆ ಸಲ್ಲಬೇಡವೋ?" ಎಂದರು.

ಬ್ಯಾಂಕಿನವರಲ್ಲದ ಓದುಗರಿಗೆ ಹೇಳಬೇಕಾದರೆ, ಎಲ್‌ಎಫ್‌ಸಿ ಎಂದರೆ ನೌಕರನಿಗೂ ಅವನ ಮನೆಮಂದಿಗೂ ಕೆಲವು ವರ್ಷಗಳಿಗೊಮ್ಮೆ ಸಿಗುವ ಪ್ರಯಾಣದ ಖರ್ಚು. ಉಣ್ಣುವುದು, ಮಲಗುವುದು ನಮ್ಮದೇ ಕಿಸೆಯಿಂದ. ಅಂದು ನಾನು ಹಲ್ಲು ಕಿರಿದು ಸುಮ್ಮನಾದೆ. ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕುಳಿತವನಿಗೆ ಅದು ಅಭ್ಯಾಸ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಕೂತಿತು. ಯಾಕೆಂದರೆ ಹಿರಿಯರು ತಪ್ಪು ಕಾರಣಕ್ಕಾಗಿ ಸರಿಯಾದ ಜಾಗಕ್ಕೇ ಕೈಯಿಟ್ಟಿದ್ದರು. ನಾನು ತೇಕಡಿಗೆ ಹೋದದ್ದು ತಪ್ಪಲ್ಲ. ಹೋಗಿ ಏನನ್ನು ನೋಡಿ ಬಂದೆನೆಂದು ಊರಲ್ಲಿ ಹೇಳಿಕೊಂಡೆನೋ ಅದು ತಪ್ಪು. ಅದು ನನ್ನೊಬ್ಬನ ತಪ್ಪಲ್ಲವೆಂಬುದೇ ಈ ಲೇಖನದ ತಕರಾರು.

ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಬೆಳಗಿನ ಜಾವ ಕೋಟ್ಟಯಂ. ಅಲ್ಲಿಂದ ಮುಂಡಕ್ಕಯಂ, ಪೀರ್ಮೇಡು, ವಂಡಿಪೆರಿಯಾರ್ ದಾರಿಯಾಗಿ ಕುಮಿಳಿಗೆ ಬಸ್ಸು. ತಿರುವುಗಳಲ್ಲಿ ನನ್ನ ಮಗಳಿಗೆ ಎರಡು ಸಲ ವಾಂತಿಯಾಯಿತು. ಕುಮಿಳಿಯಿಂದ ತೇಕಡಿಯ ಕಡವು, ಕಡವಿನಿಂದ ದೋಣಿ. ಕೆರೆಯ ಒಳಗೆ ಎಡಪ್ಪಾಳಯದಲ್ಲಿ, ಮೂರು ಕಡೆ ನೀರು ಹಿಂದೆ ಕಾಡು ಇರುವ ಗುಡ್ಡದ ಮೂಗಿನ ಮೇಲೆ, ಲೇಕ್ ಪ್ಯಾಲೆಸ್ ಇದೆ. ತಿರುವಿದಾಂಕೂರಿನ ಕೊನೆಯ ಮಹಾರಾಜರಾದ ಶ್ರೀ ಚಿತ್ತಿರ ತಿರುನಾಳರ ಬೇಸಗೆಯ ಅರಮನೆಯಾಗಿತ್ತು ಅದು. ಈಗ ರಾಜ್ಯದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಕೈಯಲ್ಲಿದೆ. ಅರಮನೆಯೆಂದರೆ ಮೈಸೂರಿನದನ್ನು ನೆನೆಯಬೇಡಿ. ಹೆಂಚಿನ ಮಾಡು, ಉದ್ದ ಜಗಲಿ, ಬೆರಳೆಣಿಕೆಯ ಕೋಣೆಗಳು. ನಮ್ಮ ಕಡೆಯ ಒಂದು ದೊಡ್ಡ ಗುತ್ತಿನ ಮನೆಯಷ್ಟೇ. ಒಂದು ರಾತ್ರಿಯ ಬಾಡಿಗೆ ನನ್ನಂಥವನಿಗೆ ಭಾರವೇ. ಆದರೂ ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದ ಲೆಕ್ಕದಲ್ಲಿ ಒಂದು ರಾತ್ರಿ ಎಂದು ಮಾಡಿದ್ದು. ಅಲ್ಲಿಯ ಉಪಚಾರದ ಬಗ್ಗೆ ನನ್ನದೊಂದು ದೂರೂ ಇಲ್ಲ. ಮೀನಿನ ಸಾರು ಬಹಳ ಚೆನ್ನಾಗಿತ್ತು.

ಜಗಲಿಯ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದಾಗ ನನಗೂ ಅರಸನ ಅಮಲು ಏರಿತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹೆಂಡತಿಯ ಫೋಟೋ ತೆಗೆದು, "ರಾಜಯೋಗ" ಎಂದು ಬರೆದು, ಸಂಬಂಧಿಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆ. ಅಲ್ಲಿ ಸಿಗ್ನಲ್ ಇಲ್ಲದ್ದರಿಂದ ಅದು ಹೋದದ್ದು ಮರುದಿನ. ಸಂಜೆಯಾಯಿತು. ಎದುರು ದಡದಲ್ಲಿ ಆನೆಗಳ ಹಿಂಡೊಂದು ನೀರಿಗಿಳಿಯಿತು. ಮಗಳು ಆನೆಯನ್ನು ನೋಡಿದ್ದು ಸ್ವಲ್ಪವೇ. ಅವಳ ಕಣ್ಣು ಕೆರೆಯ ನಡುವೆ ನಿಂತಿರುವ ಕಪ್ಪು ಬೊಡ್ಡೆಗಳ ಮೇಲಿತ್ತು. ತೇಕಡಿಯ ಯಾವ ಚಿತ್ರದಲ್ಲೂ ಇರುವ ಬೊಡ್ಡೆಗಳು ಅವು: ತುದಿಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಕೂತಿರುತ್ತದೆ. "ಅಪ್ಪಾ, ಕೆರೆಯೊಳಗೆ ಇಷ್ಟು ಮರ ಯಾರು ನೆಟ್ಟದ್ದು?" ಎಂದಳು.

ಯಾರೂ ನೆಟ್ಟದ್ದಲ್ಲ. ಮರ ಮೊದಲಿನಿಂದ ಇತ್ತು, ಆಮೇಲೆ ಬಂದದ್ದು ಕೆರೆ. ನಾನು ಕೈಯಲ್ಲಿ ಹಿಡಿದಿದ್ದ ಪ್ರವಾಸಿ ಸಂಸ್ಥೆಯೊಂದರ ಕೈಪತ್ರದಲ್ಲಿ (ಸಂಸ್ಥೆಯ ಹೆಸರು ಬೇಡ) ಆ ಕೆರೆ "ಪ್ರಕೃತಿಯ ಕೊಡುಗೆ" ಎಂದಿತ್ತು. ಅದರಲ್ಲೇ ಮೂರು ಸಾಲು ಕೆಳಗೆ ಅಣೆಕಟ್ಟಿನ ಹೆಸರೂ ಇತ್ತು. ಬರೆದವರಿಗೆ ಅಷ್ಟರಲ್ಲಿ ಮರೆತುಹೋಗಿತ್ತು.

ಪ್ರಕೃತಿಯ ಕೊಡುಗೆಯ ಕಥೆ ಹೀಗಿದೆ. 1876ರಿಂದ 78ರ ವರೆಗಿನ ಮಹಾಕ್ಷಾಮ ಮದ್ರಾಸ್ ಸೀಮೆಯನ್ನು ಸುಟ್ಟುಹಾಕಿದ ಮೇಲೆ, ಪಡುವಣಕ್ಕೆ ಹರಿದು ಸಮುದ್ರ ಸೇರುವ ಪೆರಿಯಾರ್ ನದಿಯನ್ನು ಬೆಟ್ಟದಲ್ಲೇ ತಡೆದು, ಸುರಂಗದ ಮೂಲಕ ಮೂಡಣಕ್ಕೆ ತಿರುಗಿಸಿ ವೈಗೈ ಕಣಿವೆಗೆ ಹಾಯಿಸುವ ಹಳೆಯ ಯೋಚನೆಗೆ ಜೀವ ಬಂತು. 1886ರ ಅಕ್ಟೋಬರ 29ರಂದು ತಿರುವಿದಾಂಕೂರಿಗೂ ಬ್ರಿಟಿಷ್ ಸರಕಾರಕ್ಕೂ ಗೇಣಿಪತ್ರವಾಯಿತು. 8,000 ಎಕರೆ ನೆಲ, ಎಕರೆಗೆ ವರ್ಷಕ್ಕೆ 5 ರೂಪಾಯಿ, ಒಟ್ಟು 40,000 ರೂಪಾಯಿ. ಅವಧಿ 999 ವರ್ಷ. ನಮ್ಮಲ್ಲಿ ಮನೆಸಾಲಕ್ಕೆ ಮೂವತ್ತು ವರ್ಷದ ಕಂತು ಬರೆಸುವಾಗಲೇ ಗಿರಾಕಿಯ ಕೈ ನಡುಗುತ್ತದೆ. ಇದು ಮುಗಿಯುವುದು 2885ನೇ ಇಸವಿಗೆ. ಸಾಮ್ರಾಜ್ಯವೂ ಅದರ ಅಧೀನದ ಸಂಸ್ಥಾನವೂ ಮೇಜಿನ ಎರಡು ಬದಿಗೆ ಕುಳಿತು ಮಾಡಿಕೊಂಡ "ಒಪ್ಪಂದ" ಎಂದರೆ ಎಂಥದೆಂದು ಸಹಿ ಪರಿಶೀಲಿಸುವುದೇ ಕಸುಬಾದ ನಾನು ಊಹಿಸಬಲ್ಲೆ.

ಜಾನ್ ಪೆನ್ನಿಕ್ವಿಕ್ ಎಂಬ ಸೇನಾ ಇಂಜಿನಿಯರನ ಮುಂದಾಳುತನದಲ್ಲಿ 1887ರಿಂದ 1895ರ ವರೆಗೆ ಕಲ್ಲು, ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿಗಳಿಂದ 176 ಅಡಿ ಎತ್ತರದ ಕಟ್ಟೆ ಎದ್ದಿತು. ಮಲೇರಿಯಾ, ಕಾಲರಾ, ಪ್ರವಾಹಗಳಲ್ಲಿ ಸತ್ತ ಕೂಲಿಗಳೆಷ್ಟೋ. ಕಣಿವೆ ತುಂಬಿತು, ಕಾಡು ಮುಳುಗಿತು. ಮುಳುಗಿದ ಕಾಡಿನ ನೆತ್ತಿಗಳೇ ಮಗಳು ಕೇಳಿದ ಆ ಬೊಡ್ಡೆಗಳು. ನೂರಿಪ್ಪತ್ತೈದು ವರ್ಷ ದಾಟಿದರೂ ನಿಂತಿವೆ. 1934ರಲ್ಲಿ ಕೆರೆಯ ಸುತ್ತಲಿನ ಕಾಡನ್ನು ಮಹಾರಾಜರು ಮೃಗಧಾಮವೆಂದು ಸಾರಿದರು. 1950ರಲ್ಲಿ ಅದು ಪೆರಿಯಾರ್ ಅಭಯಾರಣ್ಯವಾಯಿತು, 1978ರಲ್ಲಿ ಹುಲಿ ಮೀಸಲು. ಅರಮನೆ ಅತಿಥಿಗೃಹವಾಯಿತು. ನಾನು ಅಲ್ಲಿ ಹೋಗಿ ಕಾಲು ಚಾಚಿದೆ.

ಇಷ್ಟೂ ಯಾವುದಾದರೊಂದು ಪುಸ್ತಕದಲ್ಲಿ ಸಿಗುತ್ತದೆ. ಸಿಗದಿರುವುದು, ಸಿಕ್ಕಿದರೂ ಕೊನೆಯ ಪುಟದಲ್ಲಿ "ಆದಿವಾಸಿ ನೃತ್ಯ, ಸಂಜೆ" ಎಂಬ ಕಾರ್ಯಕ್ರಮದ ಸಾಲಾಗಿ ಸಿಗುವುದು, ಆ ಕಾಡಿನಲ್ಲೇ ಇದ್ದ ಮನ್ನಾನ್ ಮತ್ತು ಪಳಿಯ ಜನಗಳ ಮಾತು. ತಿರುವಿದಾಂಕೂರಿನ ಕಾಲದಲ್ಲೇ ಅವರನ್ನು ಕಾಡಿನೊಳಗಿನಿಂದ ಎಬ್ಬಿಸಿ ಕುಮಿಳಿಯ ಅಂಚಿಗೆ ತಂದು ಕೂರಿಸಿದರು. ಮನ್ನಾಕುಡಿ, ಪಳಿಯಕುಡಿ ಎಂಬ ವಸತಿಗಳು ಪೇಟೆಗೆ ತಾಗಿಕೊಂಡೇ ಇವೆ. ಪ್ರವಾಸಿಗಳು ಮಸಾಲೆ ಪೊಟ್ಟಣ ಕೊಳ್ಳುವ ಅಂಗಡಿಗಳಿಂದ ಅಲ್ಲಿಗೆ ನಡೆದೇ ಹೋಗಬಹುದು.

ಮರುದಿನ ಬೆಳಿಗ್ಗೆ ಕಾಡಿನ ನಡಿಗೆಗೆ ನಮ್ಮ ಜೊತೆಗೆ ಬಂದ ದಾರಿಗಾರ ಮನ್ನಾನ್ ಸಮುದಾಯದವರು, ನನ್ನ ಪ್ರಾಯದವರೇ. ನ್ಯಾಯಕ್ಕಾಗಿ ಹೇಳಲೇಬೇಕು: 1996ರಲ್ಲಿ ಶುರುವಾದ ಪರಿಸರ ಅಭಿವೃದ್ಧಿ ಯೋಜನೆಯ ನಂತರ ಇಲ್ಲಿಯ ಅರಣ್ಯ ಇಲಾಖೆ ಈ ಜನರನ್ನೂ, ಹಿಂದೆ ದಾಲ್ಚಿನ್ನಿಯ ತೊಗಟೆ ಕದ್ದು ಸುಲಿಯುತ್ತಿದ್ದವರನ್ನೂ ಸಮಿತಿಗಳಾಗಿ ಸೇರಿಸಿ ಕಾಡಿನ ಕಾವಲಿಗೂ ಪ್ರವಾಸಿಗಳ ದಾರಿ ತೋರಿಸುವುದಕ್ಕೂ ತೊಡಗಿಸಿತು. ದೇಶದಲ್ಲಿ ಬೇರೆ ಕಡೆಯವರು ಬಂದು ನೋಡಿ ಕಲಿಯುವ ಮಟ್ಟಿಗೆ ಅದು ನಡೆದಿದೆ. ಆ ಮನುಷ್ಯ ಲದ್ದಿ ನೋಡಿ ಆನೆ ಯಾವಾಗ ಹೋಯಿತೆಂದು ಹೇಳಿದರು, ಜಿಗಣೆಗೆ ಹೊಗೆಸೊಪ್ಪಿನ ಪುಡಿ ಕೊಟ್ಟರು. ನಾನು ನನ್ನ ಬ್ಯಾಂಕು ಮಲಯಾಳದಲ್ಲಿ, ಅರಮನೆ ಕಡೆಗೆ ಕೈ ತೋರಿಸಿ, "ರಾಜರು ಇದ್ದಾಗ ನಿಮ್ಮ ಹಿರಿಯರು ಅವರನ್ನು ನೋಡಿದ್ದರೇ?" ಎಂದು ಕೇಳಿದೆ. ಅವರಿಗೆ ಪ್ರಶ್ನೆ ತಕ್ಷಣ ತಿಳಿಯಲಿಲ್ಲ. ಸ್ವಲ್ಪ ತಡೆದು, "ನಮ್ಮ ರಾಜರೇ? ಅವರು ಕೋವಿಲ್ಮಲೆಯಲ್ಲಿ ಇದ್ದಾರಲ್ಲ" ಎಂದರು.

ಇದ್ದಾರೆ. ಕಟ್ಟಪ್ಪನದ ಹತ್ತಿರ ಕೋವಿಲ್ಮಲೆಯಲ್ಲಿ ಮನ್ನಾನ್ ಜನರ ಅರಸರು, ರಾಜಮನ್ನಾನ್, ಇವತ್ತಿಗೂ ಇದ್ದಾರೆ. ಊರುಗಳ ಜಗಳ ಅವರ ಬಳಿಗೆ ಹೋಗುತ್ತದೆ, ಹಬ್ಬಕ್ಕೆ ಅವರೆದುರು ಕೂತ್ತು ನಡೆಯುತ್ತದೆ. ಹಿರಿಯರು ಮಧುರೆಯ ಕಡೆಯಿಂದ ಬೆಟ್ಟ ಹತ್ತಿದವರೆಂದು ಅವರ ಐತಿಹ್ಯ. ನಾನು ತಿಂಗಳ ಸಂಬಳದ ದೊಡ್ಡ ಪಾಲು ಕೊಟ್ಟು ಮಲಗಿದ್ದು ಒಬ್ಬ ಅರಸನ ಹಳೆಯ ಮನೆಯಲ್ಲಿ. ಆ ಕಾಡಿನವರು ಅರಸನೆಂದು ಕರೆಯುವವರು ಬದುಕಿದ್ದಾರೆ, ಅವರಿರುವುದು ಎಲ್ಲಿಯೆಂಬುದು ನನ್ನ ಕೈಪತ್ರದಲ್ಲಿರಲಿಲ್ಲ. "ಐತಿಹಾಸಿಕ" ಎಂಬ ಪದವನ್ನು ನಾವು ಮಂಚಕ್ಕೆ ಕೊಡುತ್ತೇವೆ, ಕುರ್ಚಿಗೆ ಕೊಡುತ್ತೇವೆ, ಗೋಡೆಗೆ ತೂಗಿದ ಜಿಂಕೆಯ ಕೊಂಬಿಗೆ ಕೊಡುತ್ತೇವೆ. ಮನ್ನಾಕುಡಿಗೆ ಆ ಪದ ಯಾಕೆ ತಾಗುವುದಿಲ್ಲ?

ಚಿತ್ತಿರ ತಿರುನಾಳರನ್ನು ಹೀನೈಸುವುದು ನನ್ನ ಉದ್ದೇಶವಲ್ಲ. 1936ರ ದೇವಸ್ಥಾನ ಪ್ರವೇಶ ಘೋಷಣೆಗೆ ಸಹಿ ಹಾಕಿದ ಕೈ ಅದೇ. ಆ ಹೊತ್ತಿನಲ್ಲಿ ನಮ್ಮ ಕಡೆಯ ಎಷ್ಟು ದೇವಸ್ಥಾನಗಳ ಬಾಗಿಲು ತೆರೆದಿತ್ತೆಂದು ನಮ್ಮವರು ಎದೆಮುಟ್ಟಿ ಹೇಳಲಿ. ನನ್ನ ಜಗಳ ಅರಸರ ಜೊತೆಗಲ್ಲ, ನನ್ನಂಥ ಅತಿಥಿಗಳ ಜೊತೆ.

ಇನ್ನು ಹಿರಿಯರ "ಕನ್ನಡನಾಡು" ಎಂಬ ಮಾತಿಗೆ ಬರುತ್ತೇನೆ. ಪೀರ್ಮೇಡು ದಾಟುವಾಗ ಬಸ್ಸಿನ ಕಿಟಕಿಯಿಂದ ನೋಡಿದರೆ ಅಂಗಡಿಯ ಹಲಗೆಗಳಲ್ಲಿ ಮಲಯಾಳದ ಪಕ್ಕ ತಮಿಳು, ಬಸ್ಸಿನೊಳಗೂ ಅರ್ಧ ಮಾತು ತಮಿಳು. ದೇವಿಕುಳಂ ಮತ್ತು ಪೀರ್ಮೇಡು ತಾಲೂಕುಗಳು ತಮಗೆ ಸೇರಬೇಕೆಂದು ತಿರುವಿದಾಂಕೂರಿನ ತಮಿಳರು ಹೋರಾಡಿದ್ದರು. 1955ರ ಫಜಲ್ ಅಲಿ ಆಯೋಗದ ವರದಿಯನ್ನು ನಮ್ಮ ಮನೆಗಳಲ್ಲಿ ಶಾಪ ಹಾಕದೆ ಯಾರೂ ನೆನೆಯುವುದಿಲ್ಲ; ಕಾಸರಗೋಡು ತಾಲೂಕು ಕೇರಳಕ್ಕೆ ಎಂದು ಬರೆದದ್ದು ಅದು. ದೇವಿಕುಳಂ, ಪೀರ್ಮೇಡು ಕೇರಳಕ್ಕೆ ಎಂದು ಬರೆದದ್ದೂ ಅದೇ ವರದಿ. ಅಲ್ಲಿ ಭಾಷೆಯ ಲೆಕ್ಕಕ್ಕಿಂತ ಆರ್ಥಿಕ ಕಾರಣಗಳು ಹೆಚ್ಚು ತೂಗಿದವು. ನಮಗೆ 1967ರಲ್ಲಿ ಚಂದ್ರಗಿರಿಯ ಉತ್ತರ ಭಾಗವಾದರೂ ಮೈಸೂರಿಗೆ ಸೇರಲಿ ಎಂದ ಮಹಾಜನ ವರದಿಯೆಂಬ ಒಂದು ಕಾಗದದ ಸಮಾಧಾನವಿದೆ. ಬೆಟ್ಟದ ಆ ತಮಿಳರಿಗೆ ಅದೂ ಇಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾನೂನು ತಮಿಳು ಮತ್ತು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಅಲ್ಪಸಂಖ್ಯಾತರ ಭಾಷೆಗಳೆಂದು ಹೇಳಿ, ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿತು. ಆ ಕಾನೂನನ್ನು ನಾವು ಎಷ್ಟು ಮನವಿಪತ್ರಗಳಲ್ಲಿ ಉದ್ಧರಿಸಿಲ್ಲ! ಒಂದರಲ್ಲಾದರೂ "ತಮಿಳು" ಎಂಬ ಪದವನ್ನು ಬಿಡದೆ ಬರೆದಿದ್ದೇವೆಯೇ?

"ಮಾರಾಯ್ರೇ, ನಮ್ಮ ಗೋಳೇ ಹಾಸಿ ಹೊದೆಯುವಷ್ಟಿದೆ, ಊರವರದ್ದೆಲ್ಲ ಯಾಕೆ?" ಎಂದು ನನ್ನ ಸಹೋದ್ಯೋಗಿ ಕೇಳಿದರು. ಇದು ಬಲವಾದ ವಾದ, ಹಗುರಾಗಿ ತಳ್ಳಲಾರೆ. ಕನ್ನಡ ಬಲ್ಲ ಅಧ್ಯಾಪಕರಿಲ್ಲದೆ ಕನ್ನಡ ತರಗತಿ ನಡೆಯುವುದನ್ನು ನನ್ನ ಮಗಳೇ ಅನುಭವಿಸಿದ್ದಾಳೆ. 2021ರಲ್ಲಿ ನಮ್ಮ ಊರುಗಳ ಹೆಸರನ್ನು ಮಲಯಾಳೀಕರಿಸುತ್ತಾರೆಂಬ ಸುದ್ದಿ ಹಬ್ಬಿದಾಗ, ಅಂಥ ತೀರ್ಮಾನವೇ ಇಲ್ಲವೆಂದು ಸರಕಾರ ಹೇಳಿದ ಮೇಲೂ, ನಮಗೆ ವಾರಗಟ್ಟಲೆ ನಿದ್ದೆ ಬರಲಿಲ್ಲ. ಮಧೂರು ಮಧೂರಾಗಿಯೇ ಇರಬೇಕು, ಸಂಶಯವಿಲ್ಲ. ಆದರೆ ಆಗ ನಾವು ಏನೆಂದು ವಾದಿಸಿದೆವು? ಒಂದು ಜಾಗದ ಹೆಸರನ್ನೂ ಕಥೆಯನ್ನೂ ಆ ಜಾಗದಲ್ಲಿ ಬಾಳಿದವರ ಬಾಯಿಂದ ಕೇಳಬೇಕು, ಅಧಿಕಾರದಲ್ಲಿದ್ದವರ ಬಾಯಿಂದಲ್ಲ ಎಂದು. ಆ ವಾದ ಮಂಜೇಶ್ವರದಲ್ಲಿ ನಿಜ, ತೇಕಡಿಯಲ್ಲಿ ಪೂರ್ತಿ ಮರೆತುಹೋಯಿತೆಂದರೆ, ಎದುರಿನವರು ನಮ್ಮ ಮನವಿಯನ್ನು ಓದಿ, "ಇವರಿಗೆ ಬೇಕಾದದ್ದು ನ್ಯಾಯವಲ್ಲ, ಇವರ ಪಾಲು ಮಾತ್ರ" ಎಂದರೆ ನಾವು ಏನು ಉತ್ತರ ಕೊಡುತ್ತೇವೆ? ಈ ವಾರ್ಷಿಕದ ಮಲಯಾಳ ಪುಟಗಳನ್ನು ಓದುವ ಸ್ನೇಹಿತರಿಗೂ ಇದೇ ಪ್ರಶ್ನೆ ಇದೆ: ಮುಲ್ಲಪೆರಿಯಾರ್ ಎಂದರೆ ನಿಮಗೆ ಅಣೆಕಟ್ಟಿನ ಬಿರುಕು, 136 ಅಡಿಯೋ 142 ಅಡಿಯೋ ಎಂಬ ಲೆಕ್ಕ, ಸುಪ್ರೀಂ ಕೋರ್ಟಿನ 2014ರ ತೀರ್ಪು. ಕೆಳಗೆ ವಾಸಿಸುವವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಚರ್ಚೆಯಲ್ಲಿ ಮನ್ನಾಕುಡಿಯವರ ಮಾತು ಎಷ್ಟು ಸಲ ಅಚ್ಚಾಗಿದೆ?

ಇನ್ನೊಂದು ಸಂಗತಿ ನಡೆಯದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ಹಿಂದಿರುಗುವ ದಿನ ಕುಮಿಳಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆವು. ಅಲ್ಲಿಂದ ಗಡಿ ನಾಲ್ಕು ಹೆಜ್ಜೆ. ಬೆಳಿಗ್ಗೆ ಬೆಳಿಗ್ಗೆ ತೇನಿ ಜಿಲ್ಲೆಯಿಂದ ಏಲಕ್ಕಿ ತೋಟಗಳಿಗೆ ಕೂಲಿಯವರನ್ನು ತುಂಬಿಕೊಂಡು ಜೀಪುಗಳು ಹತ್ತಿ ಬರುತ್ತವೆ. ನಾವು ಮನೆಯ ಕನ್ನಡದಲ್ಲಿ ಮಾತಾಡುತ್ತಿದ್ದದ್ದನ್ನು ಕೇಳಿ, ದ್ರಾಕ್ಷಿಯ ಬುಟ್ಟಿಯಿಟ್ಟುಕೊಂಡು ಕುಳಿತಿದ್ದ ಮುದುಕರೊಬ್ಬರು ಎದ್ದು ಬಂದು ಯಾವ ಊರೆಂದು ಕೇಳಿದರು. ಕೇಳಿದ್ದು ಕನ್ನಡದಲ್ಲಿ. ಅದು ನಮ್ಮ ಕನ್ನಡವಲ್ಲ, ಬೆಂಗಳೂರಿನದ್ದಂತೂ ಅಲ್ಲವೇ ಅಲ್ಲ, ರಾಗ ಪೂರ್ತಿ ತಮಿಳಿನದು. ಆದರೆ ಕನ್ನಡವೇ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರೆಂದೂ ಒಕ್ಕಲಿಗರೆಂದೂ ಕರೆಸಿಕೊಳ್ಳುವ, ಮನೆಯಲ್ಲಿ ಕನ್ನಡವಾಡುವ ಬೇಸಾಯಗಾರರು ಎಷ್ಟೋ ತಲೆಮಾರುಗಳಿಂದ ಇದ್ದಾರೆ. ಓದುಬರಹವೆಲ್ಲ ತಮಿಳು. ಅವರು ಅಂಥವರಲ್ಲೊಬ್ಬರು.

ದ್ರಾಕ್ಷಿ ತಿನ್ನಿಸಿದರು, ದುಡ್ಡು ಬೇಡವೆಂದರು. ತೋಟಕ್ಕೆ ನೀರೆಲ್ಲಿಂದ ಎಂದು ಕೇಳಿದೆ. ನಾವು ಇಳಿದು ಬಂದ ದಿಕ್ಕಿಗೆ ಗಲ್ಲ ಎತ್ತಿದರು. ಅವರ ಮನೆಯಲ್ಲಿ ಪೆನ್ನಿಕ್ವಿಕ್‌ನ ಪಟವಿದೆಯಂತೆ. ತೇನಿ ಕಡೆಯ ಬಹಳ ಮನೆಗಳಲ್ಲಿದೆ, ಜನವರಿ 15ರಂದು ಅವನ ಹುಟ್ಟುಹಬ್ಬಕ್ಕೆ ಪೊಂಗಲಿನ ಮಡಕೆ ಇಡುವವರಿದ್ದಾರೆ. ಜಗಲಿಯಲ್ಲಿ ಕುಳಿತಾಗ ಆ ಗೇಣಿಪತ್ರ ಎಷ್ಟು ಅನ್ಯಾಯವೆಂದು ನನಗೆ ಕಂಡಿತ್ತೋ, ದ್ರಾಕ್ಷಿ ಬಾಯಲ್ಲಿರುವಾಗ ಅಷ್ಟೇ ಖಚಿತವಾಗಿ ಹೇಳಲು ಆಗಲಿಲ್ಲ. 1970ರಲ್ಲಿ ಗೇಣಿಯನ್ನು ಎಕರೆಗೆ 30 ರೂಪಾಯಿಗೆ ಏರಿಸಿದಾಗ ಅದು ಕಡಿಮೆಯೆಂದು ನಮ್ಮ ರಾಜ್ಯದವರು ಈಗಲೂ ಗೊಣಗುತ್ತಾರೆ. ಆ ನೀರು ನಿಂತರೆ ಒಣಗುವುದು ಕನ್ನಡ ಮಾತಾಡುವವರ ಹೊಲವೂ ಹೌದು ಎಂಬುದನ್ನು ನಮ್ಮ ಯಾವ ರಾಜ್ಯೋತ್ಸವದ ಭಾಷಣದಲ್ಲೂ ನಾನು ಕೇಳಿಲ್ಲ.

ಹಾಗಾದರೆ ಹಿರಿಯರೇ, ನನ್ನ ದುಡ್ಡು ಯಾವ ನಾಡಿಗೆ ಸಂದಿತು? ಕೇರಳದ ನಿಗಮದ ಪೆಟ್ಟಿಗೆಗೆ ಸ್ವಲ್ಪ, ಮನ್ನಾನ್ ದಾರಿಗಾರರ ಸಮಿತಿಗೆ ಸ್ವಲ್ಪ. ಕನ್ನಡದವರಿಗೆ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ನೀವು ಹೇಳುವ ಕನ್ನಡನಾಡಿನ ನಕ್ಷೆಯಲ್ಲಿ ಕಂಬಂ ಇಲ್ಲ, ತಾಳವಾಡಿ ಯಾವಾಗಲಾದರೊಮ್ಮೆ ಬರುತ್ತದೆ, ಪೀರ್ಮೇಡಿನ ತಮಿಳನಿಗಂತೂ ಅದರಲ್ಲಿ ಜಾಗವೇ ಇಲ್ಲ. ನಾನು ಮಡಿಕೇರಿಗೆ ಹೋಗುವುದಿಲ್ಲವೆಂದು ಹೇಳುತ್ತಿಲ್ಲ. ಹೋಗಿದ್ದೇನೆ, ಅಲ್ಲಿಯೂ ರಾಜಾಸೀಟಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡು ಬಂದಿದ್ದೇನೆ. ಅಲ್ಲಿಯ ಕಾಡಿನಲ್ಲಿದ್ದವರನ್ನು ಆಗ ನಾನು ಕೇಳಿರಲಿಲ್ಲ, ನೀವೂ ಕೇಳಿರಲಾರಿರಿ.

ಈ ವಾರ್ಷಿಕದ ಸಂಪಾದಕರಲ್ಲಿ ನನ್ನದೊಂದು ಬೇಡಿಕೆಯಿದೆ. ಎಡಬದಿಗೆ ಮಲಯಾಳ, ಬಲಬದಿಗೆ ಕನ್ನಡ ಎಂದು ನಾವು ಇಷ್ಟು ವರ್ಷ ನಡೆಸಿಕೊಂಡು ಬಂದೆವು, ಒಳ್ಳೆಯದೇ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಪೀರ್ಮೇಡಿನ ತಮಿಳರಿಗೆ ಬಿಡಿ, ನಾಲ್ಕು ಪುಟ ಕೋವಿಲ್ಮಲೆಯವರ ಕೂತ್ತಿನ ಬಗ್ಗೆ ಅವರೇ ಹೇಳಿದ್ದಕ್ಕೆ ಬಿಡಿ. ಜಾಗ ಸಾಲದಿದ್ದರೆ ನನ್ನ ಲೇಖನ ಬೇಡ. ಬ್ಯಾಂಕಿನ ಜಾಹೀರಾತಿನ ಪುಟ ಮಾತ್ರ ತೆಗೆಯಬೇಡಿ, ಅದನ್ನು ನಾನೇ ಕಾಡಿಬೇಡಿ ತಂದದ್ದು.

ದ್ರಾಕ್ಷಿಯ ಮುದುಕರು ಬಸ್ಸು ಹೊರಡುವ ಮೊದಲು ನನ್ನ ಟಿಕೇಟಿನ ಹಿಂದೆ ಅವರ ಊರಿನ ಹೆಸರು ಬರೆದುಕೊಟ್ಟು, ಮುಂದಿನ ಸಲ ಮನೆಗೇ ಬನ್ನಿ ಎಂದಿದ್ದರು. ಬರೆದದ್ದು ತಮಿಳು ಲಿಪಿಯಲ್ಲಿ. ನನಗೆ ಓದಲು ಬರುವುದಿಲ್ಲ. ನಮ್ಮ ಶಾಖೆಯಲ್ಲಿ ಅದನ್ನು ಓದಬಲ್ಲವರು ಒಬ್ಬರಿದ್ದಾರೆ, ಅವರು ಈಗ ಎಲ್‌ಎಫ್‌ಸಿಯಲ್ಲಿ ಕಾಶಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ.